ಎಡಗಡೆ ಸೀಟಿನ ಬೆಲ್ಟು

ಕಣ್ಣಿನ ಡಾಕ್ಟರು ನನ್ನ ಲೈಸೆನ್ಸಿನ ಫಾರ್ಮಿಗೆ ಸಹಿ ಹಾಕಿ, ಸೀಲು ಒತ್ತಿ, ನನ್ನ ಕಡೆ ಚಾಚಿದರು. ನಾನು ಹಿಡಿದುಕೊಂಡರೂ ಅವರು ಇನ್ನೊಂದು ತುದಿಯನ್ನು ಬಿಡಲಿಲ್ಲ. ಹೈಸ್ಕೂಲಿನಲ್ಲಿ ನನ್ನ ಹತ್ತಿರವೇ ಇಂಗ್ಲಿಷ್ ಕಲಿತ ಹುಡುಗ; ಈಗ ಅವನ ತಲೆಯೇ ನರೆತಿದೆ.

"ಅಕ್ಕಾರ, ಈ ಸಲ ಪಾಸ್ ಆಗೀರಿ. ಇನ್ನ ಐದು ವರ್ಷಕ್ಕ ಮತ್ತ ಫಾರ್ಮ್ ತಗೊಂಡು ಬರಬ್ಯಾಡ್ರಿ."

"ಯಾವ ಕ್ಲಾಸಿನ್ಯಾಗ ಪಾಸಪ್ಪಾ? ಫಸ್ಟ್ ಕ್ಲಾಸ್?"

"ಜಸ್ಟ್ ಪಾಸ್ ರೀ."

ನಮ್ಮ ಕಡೆ ಹೆಣ್ಣು ಟೀಚರುಗಳನ್ನು ಅಕ್ಕಾರ ಎನ್ನುತ್ತಾರೆ. ರಿಟೈರ್ ಆಗಿ ಹನ್ನೊಂದು ವರ್ಷವಾದರೂ ಚಿಕ್ಕೋಡಿಯಲ್ಲಿ ನನಗೆ ಬೇರೆ ಹೆಸರಿಲ್ಲ. ಫಾರ್ಮನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಮನೆಗೆ ನಡೆಯುವಾಗ ನಾನು ಮಾಡಿದ ಲೆಕ್ಕ ಸರಳವಾಗಿತ್ತು. ನನಗೀಗ ಎಪ್ಪತ್ತೊಂದು. ಇನ್ನು ಐದು ವರ್ಷ. ಐದು ವರ್ಷಕ್ಕೆ ಒಂದೇ ಕಾರು ಸಾಕು, ಅದೇ ಕೊನೆಯದು. ಕೊನೆಯದಾದ್ದರಿಂದ ಅದು ಓಡುವ ಕಾರಾಗಿರಬೇಕು. ಮಾರ್ಕೆಟ್ಟಿಗೆ ಹೋಗಿ ಕೊತ್ತಂಬರಿ ತರುವ ಕಾರಲ್ಲ.

ಹಾಗೆ ನೋಡಿದರೆ ನಾಲ್ಕು ವರ್ಷದಿಂದ ನಾನು ಸ್ಟಿಯರಿಂಗ್ ಮುಟ್ಟಿರಲಿಲ್ಲ. ಯಜಮಾನರು ತೀರಿಕೊಂಡ ಮೂರನೇ ತಿಂಗಳಿಗೆ ನಮ್ಮ ಹಳೆಯ ಕಾರನ್ನು ಕೊಟ್ಟುಬಿಟ್ಟಿದ್ದೆ. ಕಾರಿನಲ್ಲಿ ದೋಷವೇನೂ ಇರಲಿಲ್ಲ. ಗೇರು ಬದಲಿಸುವಾಗಲೆಲ್ಲ ಕಣ್ಣು ತಾನಾಗಿಯೇ ಎಡಕ್ಕೆ ಹೋಗುತ್ತಿತ್ತು, ಅಷ್ಟೆ.

ಆ ಎಡಗಡೆ ಸೀಟಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಯಜಮಾನರು ಕಾಲೇಜಿನಲ್ಲಿ ಹಿಸ್ಟರಿ ಕಲಿಸುತ್ತಿದ್ದರು. ಚಿಕ್ಕಂದಿನಲ್ಲಿ ಅವರಿಗೆ ಫಿಟ್ಸ್ ಬರುತ್ತಿತ್ತಂತೆ. ಆಮೇಲೆ ಎಂದೂ ಬರಲಿಲ್ಲ, ಆದರೂ ಅವರು ಸೈಕಲ್ ಬಿಟ್ಟು ಬೇರೆ ಯಾವ ವಾಹನಕ್ಕೂ ಕೈ ಹಚ್ಚಲಿಲ್ಲ. ಹೀಗಾಗಿ ಮದುವೆಯಾದ ಎರಡನೇ ವರ್ಷ ಡ್ರೈವಿಂಗ್ ಕಲಿತವಳು ನಾನು. ನನಗೇನೂ ಹೆದರಿಕೆ ಇರಲಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ನಾನು ಬೋರ್ಡರ್ ಆಗಿದ್ದಾಗ, ಬ್ರೆಡ್ ತರುವ ವ್ಯಾನನ್ನು ಒಬ್ಬ ಸಿಸ್ಟರ್ ಓಡಿಸುತ್ತಿದ್ದರು. ಮದರ್ ಸುಪೀರಿಯರ್ ನಮ್ಮನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ "ಎ ಲೇಡಿ ನೆವರ್ ಹರೀಸ್" ಎಂದು ಪಾಠ ಹೇಳುತ್ತಿರುವಾಗಲೇ ಆ ವ್ಯಾನು ಗೇಟಿನೊಳಗೆ ಎರಡೇ ಚಕ್ರದ ಮೇಲೆ ಎಂಬಂತೆ ಹೊರಳಿ ಬರುತ್ತಿತ್ತು. ನಾನು ಯಾರ ಪಾಠ ಕಲಿತೆನೆಂದು ಹೇಳಬೇಕಾಗಿಲ್ಲ.

ಯಜಮಾನರು ಮೂವತ್ತೆಂಟು ವರ್ಷ ನನ್ನ ಎಡಕ್ಕೆ ಕೂತರು. ಡ್ರೈವಿಂಗ್ ಬರದಿದ್ದರೂ ಅವರಿಗೆ ಕಿವಿ ಇತ್ತು. ಇಂಜಿನ್ ಸ್ವಲ್ಪ ಗೊಣಗಿದರೆ "ಮೂರನೇದ್ದಕ್ಕ ಹಾಕು" ಎನ್ನುವರು. ಹಾಕಿದರೆ ಅದು ಸರಿಯಾಗಿಯೇ ಇರುತ್ತಿತ್ತು. ಊರು ದಾಟಿ ರಸ್ತೆ ನೇರವಾಯಿತೆಂದರೆ ನಮ್ಮ ಆಟ ಶುರು. ಅವರು ಕಣ್ಣು ಮುಚ್ಚಿಕೊಂಡು ಸದ್ದು ಕೇಳಿ ಸ್ಪೀಡ್ ಹೇಳುವರು. "ಅರವತ್ತೆಂಟು." ನಾನು ಮೀಟರ್ ನೋಡಿದರೆ ಅರವತ್ತೇಳೋ ಎಪ್ಪತ್ತೋ ಇರುತ್ತಿತ್ತು. ನಮ್ಮ ಕಾರು ಎಂಬತ್ತೈದು ದಾಟಿದರೆ ಅಡಿಗೆಮನೆಯ ಡಬ್ಬಿಗಳ ಹಾಗೆ ಗಡಗಡ ಅಲುಗುತ್ತಿತ್ತು. ಅದಕ್ಕೇ ನೂರು ಎಂಬ ಸಂಖ್ಯೆ ಅವರ ಬಾಯಿಯಿಂದ ಒಮ್ಮೆಯೂ ಬರಲಿಲ್ಲ. "ನೂರರ ಸಪ್ಪಳ ಬ್ಯಾರೆನ ಇರಬೇಕು. ಒಮ್ಮೆ ಕೇಳಬೇಕಲ್ಲ," ಎನ್ನುತ್ತಿದ್ದರು. ಕೇಳದೆಯೇ ಹೋದರು.

ನಮಗೆ ಮಕ್ಕಳಿಲ್ಲ. ಹೀಗಾಗಿ ಕಾರಿನ ಮಾತನ್ನು ನಾನು ಹೇಳಿದ್ದು ಪಕ್ಕದ ಮನೆಯಾಕೆಗೆ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಹೆಣ್ಣಮಕ್ಕಳಿಗೆ ಬಸ್ ಪುಕ್ಕಟೆ ಐತ್ರಿ ಅಕ್ಕಾರ. ಈಗ ಯಾರರೆ ಕಾರ್ ತಗೋತಾರೇನ್ರಿ? ಎಲ್ಲಿಗೆ ಹೋಗಾವ್ರು ನೀವು?"

ನಾನು ಅವಳ ಮೊರದಲ್ಲಿ ಕಂಡ ಒಂದು ಕಲ್ಲನ್ನು ಹೆಕ್ಕಿ ಹೊರಗೆ ಹಾಕಿದೆ.

ಕಾರು ಹುಡುಕುವ ಕೆಲಸವನ್ನು ಕುಡಚಿಯ ಮಿಸ್ತ್ರಿಗೆ ವಹಿಸಿದೆ. ಇವನ ತಂದೆ ನಮ್ಮ ಮೊದಲ ಕಾರು ರಿಪೇರಿ ಮಾಡುತ್ತಿದ್ದ, ಇವನು ಕೊನೆಯದನ್ನು. ಈಗ ಇವನಿಗೂ ಐವತ್ತೈದು ದಾಟಿದೆ. ನನ್ನ ಬೇಡಿಕೆ ಕೇಳಿ ಫೋನಿನಲ್ಲೇ "ಪಿಕಪ್ ಇದ್ದ ಗಾಡಿ ಬೇಕಂತೀರಿ, ಹೌದಲ್ರಿ?" ಎಂದ. ಪಿಕಪ್ ಎಂದರೆ ಎಕ್ಸಲರೇಟರ್ ಒತ್ತಿದೊಡನೆ ಮೈಯೆತ್ತಿ ಹೋಗುವ ಗುಣ. ಹೌದಪ್ಪಾ ಎಂದೆ. ಹದಿನೈದು ದಿನದಲ್ಲಿ ಅವನು ಎರಡು ಗಾಡಿ ಗುರುತು ಮಾಡಿದ. ಎರಡಕ್ಕೂ ವಯಸ್ಸಾಗಿತ್ತು. ಹೊಸದಿದ್ದಾಗ ಎರಡೂ ಹುಡುಗರ ಕನಸಿನಲ್ಲಿ ಬರುತ್ತಿದ್ದ ಕಾರುಗಳು. ಒಂದು ನಿಪ್ಪಾಣಿಯಲ್ಲಿ, ನೀಲಿ, ಜರ್ಮನಿಯ ಇಂಜಿನ್ನಿನದು, ಟರ್ಬೊ ಇದ್ದದ್ದು. ಇನ್ನೊಂದು ಅಥಣಿಯಲ್ಲಿ, ಕೆಂಪು, ಜಪಾನಿನದು, ಹದಿನೇಳು ವರ್ಷದ್ದು.

ಮೊದಲು ನಿಪ್ಪಾಣಿಗೆ ಹೋದೆವು. ಬಸ್ಸಿನಲ್ಲಿ. ನನಗೆ ಜೀರೋ ಟಿಕೆಟ್, ಮಿಸ್ತ್ರಿಗೆ ದುಡ್ಡಿನ ಟಿಕೆಟ್. ನಾನು ಮುಂದೆ ಕೂತೆ, ಅವನು ನಾಲ್ಕು ಸೀಟು ಹಿಂದೆ.

ಹೈವೇ ಪಕ್ಕದಲ್ಲಿ ತಂಬಾಕಿನ ಹಳೆಯ ಗೋದಾಮೊಂದರ ಅಂಗಳದಲ್ಲಿ ಕಾರುಗಳು ನಿಂತಿದ್ದವು. ಗೋದಾಮು ಖಾಲಿಯಾಗಿ ಎಷ್ಟೋ ಕಾಲವಾಗಿದ್ದರೂ ಗೋಡೆಗಳಿಂದ ಇನ್ನೂ ಘಾಟು ಬರುತ್ತಿತ್ತು. ಅಂಗಡಿಯವನ ತಂದೆ ಎತ್ತಿನ ಪೇಟೆಯಲ್ಲಿ ದಲಾಲಿ ಮಾಡಿದವನಂತೆ. ಮಗನಿಗೂ ಅದೇ ಅಭ್ಯಾಸ; ಮಾತಾಡುವಾಗ ಕಾರಿನ ಹಿಂಭಾಗಕ್ಕೆ ಅಂಗೈಯಿಂದ ತಟ್ಟುತ್ತಿದ್ದ. ಮಿಸ್ತ್ರಿ ಅವತ್ತು ಶುಕ್ರವಾರದ ನಮಾಜಿಗೆ ಹಾಕುವ ಬಿಳಿ ಅಂಗಿ ತೊಟ್ಟು ಬಂದಿದ್ದ. ಅಂಗಡಿಯವನು ಸೀದಾ ಅವನ ಹತ್ತಿರ ಹೋಗಿ, ಗಡಿಯೂರಿನವರಂತೆ ಮರಾಠಿ ಬೆರೆಸಿ ಮಾತಾಡಿದ.

"ಬರ್ರಿ ಸಾಹೇಬ್ರ, ಬಸಾ, ಕುಂಡ್ರಿ. ಲೇ, ಚಹಾ ಹೇಳಲೇ! ಬಾಯೀ, ನೀವು ಅಲ್ಲೆ ನೆಳ್ಳಾಗ ಕುಂಡ್ರಿ. ಹಾಂ ಸಾಹೇಬ್ರ, ಗಾಡಿ ಬಘಾ, ನೋಡ್ರಿ. ಏಕದಮ್ ಗರಡಿ ಪೈಲ್ವಾನ್ ಐತಿ."

"ತಗೊಳ್ಳಾವ್ರು ಇವರ ರೀ," ಎಂದ ಮಿಸ್ತ್ರಿ.

"ಹೌದೇನ್ರಿ? ಮತ್ತ ಹೊಡ್ಯಾವ್ರು?"

"ಅವರ."

ಅಂಗಡಿಯವನು ನನ್ನ ಚಪ್ಪಲಿಯಿಂದ ಕನ್ನಡಕದವರೆಗೆ ಒಮ್ಮೆ ನೋಡಿದ. ಎತ್ತಿನ ಹಲ್ಲು ನೋಡುವ ಹಾಗೆ ನೋಡಿದನೆಂದು ನನಗೆ ಅನ್ನಿಸಿತು. ನಂಬಿಕೆಯಾಗಲಿಲ್ಲವೆಂದು ಕಾಣುತ್ತದೆ. ಟ್ರಯಲ್‌ಗೆ ಹೊರಟಾಗ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಕೂತ. ವಿಧವೆ ಅಕ್ಕಾರ ಪಕ್ಕದಲ್ಲಿ ಕೂರುವುದು ಅವನ ಮನಸ್ಸಿಗೆ ಸರಿ ಬರುವುದಿಲ್ಲ. ಅದು ಅವನ ಮರ್ಯಾದೆ. ನಿಜವಾದ ಗಿರಾಕಿ ಇವನೇ ಇರಬೇಕೆಂದು ಅಂಗಡಿಯವನೂ ಅವನ ಪಕ್ಕದಲ್ಲಿ ಹಿಂದೆಯೇ ಕೂತ. ಹೀಗೆ ಇಬ್ಬರು ಗಂಡಸರು ಹಿಂದೆ, ನನ್ನ ಎಡಕ್ಕೆ ಯಾರೂ ಇಲ್ಲ. ಗೇಟಿನಲ್ಲಿದ್ದ ಪಂಕ್ಚರ್ ಅಂಗಡಿಯವನು ಮಿಸ್ತ್ರಿಯನ್ನು ಗುರುತು ಹಿಡಿದು ಕೂಗಿದ:

"ಏ ಮಿಸ್ತ್ರಿ, ಅಕ್ಕಾರನ್ನ ಯಾವಾಗ ಡ್ರೈವರ್ ಇಟ್ಕೊಂಡ್ಯೋ? ಪಗಾರಾ ಏನ್ ಕೊಡ್ತಿ?"

ನನಗೆ ನಗು ಬಂತು. ಪಕ್ಕಕ್ಕೆ ತಿರುಗಿ ನಕ್ಕೆ. ಪಕ್ಕದಲ್ಲಿ ಯಾರೂ ಇಲ್ಲದ್ದು ತಿರುಗಿದ ಮೇಲೆ ನೆನಪಾಯಿತು.

ನಾಲ್ಕು ವರ್ಷದ ಮೇಲೆ ಕಾಲು ಕ್ಲಚ್ ಮುಟ್ಟಿತ್ತು. ಮೊದಲ ಎರಡು ಸಲ ಇಂಜಿನ್ ಬಂದ್ ಬಿತ್ತು. ತವಂದಿ ಘಾಟಿಗೆ ಬರುವಷ್ಟರಲ್ಲಿ ಕೈಕಾಲಿಗೆ ಎಲ್ಲ ನೆನಪಾಗಿತ್ತು. ಏರು ಶುರುವಾದಲ್ಲಿ ಒತ್ತಿದೆ. ಹಿಂದಿನಿಂದ ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದಂತೆ ಆ ನೀಲಿ ಕಾರು ಮೇಲಕ್ಕೆ ಹೋಯಿತು. ಲಾರಿಗಳು, ಕಬ್ಬಿನ ಟ್ರ್ಯಾಕ್ಟರುಗಳು, ಎಲ್ಲ ಹಿಂದೆ ಬಿದ್ದವು. ಓ ಮೈ ಗುಡ್‌ನೆಸ್, ಎಂದೆ ಜೋರಾಗಿಯೇ. ತೊಂಬತ್ತಕ್ಕೆ ಕಾಲು ತೆಗೆದೆ. ನೂರನ್ನು ಬೇರೆಯವರ ಕಾರಿನಲ್ಲಿ ಮುಟ್ಟಬಾರದೆಂದು ನನ್ನದೊಂದು ಹಟ.

ವಾಪಸು ಬಂದು ನಿಲ್ಲಿಸಿದ ಮೇಲೆ ನಾನು ಮನಸ್ಸಿನಲ್ಲಿ ಖರೀದಿ ಮಾಡಿಬಿಟ್ಟಿದ್ದೆ. ಮಿಸ್ತ್ರಿ ಬಾನೆಟ್ ತೆಗೆಯಲಿಲ್ಲ, ಟಯರ್ ನೋಡಲಿಲ್ಲ. ಮುಂದಿನ ಎಡ ಬಾಗಿಲು ತೆರೆದು ಸೀಟಿನ ಬೆಲ್ಟನ್ನು ಎಳೆಯತೊಡಗಿದ. ಕೂತವರು ಎಳೆಯುವಷ್ಟಲ್ಲ, ಇನ್ನೂ, ಇನ್ನೂ, ಬಾವಿಯ ಹಗ್ಗ ಎಳೆದ ಹಾಗೆ, ಕೊನೆ ಮುಟ್ಟಿ ಕಟ್ ಎನ್ನುವ ತನಕ. ಆಮೇಲೆ ಬಿಳಿ ಕರ್ಚೀಫಿನಿಂದ ಕೊನೆಯ ಗೇಣನ್ನು ಒರೆಸಿ ನನಗೆ ತೋರಿಸಿದ. ಕರ್ಚೀಫಿನ ಮೇಲೆ ಕಪ್ಪು ಮಣ್ಣಿನ ಗೆರೆ.

"ಹೊಳಿ ಬಂದಾಗ ನನ್ನ ಗ್ಯಾರೇಜಿನ್ಯಾಗ ಎದಿಮಟ ನೀರು ನಿಂತಿತ್ರಿ ಅಕ್ಕಾರ. ಮುಳುಗಿದ ಗಾಡಿ ಭಾಳ ನೋಡೀನಿ. ಸೀಟ್ ತೊಳೀತಾರ, ಕಾರ್ಪೆಟ್ ಬದ್ಲಿ ಮಾಡ್ತಾರ, ಸೆಂಟ್ ಹೊಡೀತಾರ. ಬೆಲ್ಟ್ ಕಡೀತನಕ ಎಳದು ತೊಳ್ಯಾವ್ರು ಯಾರೂ ಇಲ್ಲ."

"ಏ, ಅದು ಪುಣ್ಯಾದ ಗಾಡಿ!" ಎಂದ ಅಂಗಡಿಯವನು. ಪುಣ್ಯಾ ಎಂದರೆ ಪುಣೆ.

"ಮಣ್ಣು ನಮ್ಮ ಕೃಷ್ಣಾದ್ದು ಐತಲ್ಲೋ ಭಾಯಿ. ಹೊಳಿ ಪುಣ್ಯಾಕ ಯಾವಾಗ ಹೋಗಿತ್ತು? ಬಸ್ಸಿಗೆ ಹೋಗಿತ್ತೋ, ರೈಲಿಗೆ ಹೋಗಿತ್ತೋ?"

"ನೀರು ಕುಡದ್ರ ಏನಾತೋ? ಎತ್ತೂ ಕುಡೀತಾವ. ಓಡ್ತೈತಿಲ್ಲೋ?"

ಅವರಿಬ್ಬರ ಜಗಳ ನಡೆದಿತ್ತು. ನಾನು ಮಿಸ್ತ್ರಿಯ ಕೈಯಲ್ಲಿದ್ದ ಬೆಲ್ಟನ್ನೇ ನೋಡುತ್ತಿದ್ದೆ. ಮಣ್ಣಿನ ಗೆರೆಯನ್ನಲ್ಲ, ಅದಕ್ಕಿಂತ ಮೇಲೆ, ಹೆಗಲ ಮೇಲೆ ಬರುವ ಭಾಗವನ್ನು. ಅಲ್ಲಿ ಬೆಲ್ಟಿನ ಅಂಚು ಸವೆದು, ನೂರು ಸಲ ಒಗೆದ ಸೀರೆಯಂತೆ ಮೆತ್ತಗಾಗಿತ್ತು. ಒಂದು ಕಡೆ ಹಳದಿ ಕಲೆಯೂ ಇತ್ತು. ಅರಿಷಿಣವೇ ಇರಬೇಕು, ಕುತ್ತಿಗೆಯದು. ಹೊಳೆಯ ನೀರಿಗೂ ಹೋಗದ ಅರಿಷಿಣ. ಯಾರೋ ಒಬ್ಬಾಕೆ ಈ ಸೀಟಿನಲ್ಲಿ ವರ್ಷಗಟ್ಟಲೆ ಕೂತಿದ್ದಳು. ಯಾವುದೋ ಮಾತಿಗೆ ಬಲಕ್ಕೆ ತಿರುಗಿದ್ದಳು, ನಕ್ಕಿದ್ದಳು, ನಿಧಾನ ಎಂದಿದ್ದಳು.

ಮುಂದಿನ ಭಾನುವಾರ ಅಥಣಿ. ಇಲ್ಲಿ ಅಂಗಡಿಯಿಲ್ಲ, ಮನೆ. ಕಾರಿನ ಮಾಲೀಕರು ಶುಗರ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ವಯಸ್ಸು ನನ್ನದಕ್ಕಿಂತ ಎರಡು ಮೂರು ಹೆಚ್ಚಿರಬಹುದು. ಅಣ್ಣನ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಎಲ್ಲ ಸೇರಿ ಮನೆ ತುಂಬ ಜನ. ಕಾರು ಅಂಗಳದ ಮೂಲೆಯಲ್ಲಿ ಕೌದಿ ಹೊದ್ದು ನಿಂತಿತ್ತು. ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಹೊಲಿದ, ಡಬಲ್ ಕಾಟಿಗೂ ದೊಡ್ಡದಾಗುವಂಥ ಕೌದಿ. ಇಂಜಿನಿಯರು ಅದನ್ನು ಹಿಂದಿನಿಂದ ಮುಂದಕ್ಕೆ ಮಡಚುತ್ತ ಬಂದರು, ಆಸ್ಪತ್ರೆಯಲ್ಲಿ ಪೇಶೆಂಟಿನ ಹೊದಿಕೆ ಸರಿಸುವಷ್ಟು ನಿಧಾನವಾಗಿ.

ಕೆಂಪು ಬಣ್ಣ ಬಾನೆಟ್ಟಿನ ಮೇಲೆ ಮಾಸಿತ್ತು. ಎಡ ಬಾಗಿಲನ್ನು ಜೋರಾಗಿ ಎಳೆಯದಿದ್ದರೆ ಮುಚ್ಚುತ್ತಿರಲಿಲ್ಲ. ಎಸಿ ಇದ್ದೂ ಇಲ್ಲದ ಹಾಗೆ.

"ನೀವೂ ಬರ್ರಿ ಟ್ರಯಲ್‌ಗೆ," ಎಂದೆ.

"ಬ್ಯಾಡ್ರಿ. ನನ್ನ ಗಾಡಿ ಇನ್ನೊಬ್ರು ಹೊಡಿಯೂದು ನಾ ನೋಡಾಂಗಿಲ್ಲ," ಎಂದು ಅವರು ಒಳಗೆ ಹೋದರು.

ಈ ಕಾರಿನ ಸ್ವಭಾವವೇ ಬೇರೆ. ಮೀಟರಿನಲ್ಲಿ ಇಂಜಿನ್ನು ನಾಲ್ಕು ಸಾವಿರ ಸುತ್ತು ದಾಟುವ ತನಕ ಮುಗುಮ್ಮಾಗಿ ಇರುತ್ತದೆ, ಕ್ಲಾಸಿನ ಹಿಂದಿನ ಬೆಂಚಿನ ಜಾಣ ಹುಡುಗಿಯ ಹಾಗೆ. ದಾಟಿದ ಮೇಲೆ ಒಮ್ಮೆಲೇ ದನಿ ತೆಗೆಯುತ್ತದೆ. ಯಜಮಾನರು ಇದ್ದಿದ್ದರೆ ಕಣ್ಣು ಮುಚ್ಚುತ್ತಿದ್ದರು.

ಮರಳಿ ಬಂದಾಗ ಮಿಸ್ತ್ರಿ ಇಲ್ಲಿಯೂ ಎಡಗಡೆ ಬೆಲ್ಟು ಎಳೆದ. ಕರ್ಚೀಫು ಬೆಳ್ಳಗೇ ಉಳಿಯಿತು. ಮಣ್ಣಿಲ್ಲ. ಸವೆತವೂ ಇಲ್ಲ. ಫ್ಯಾಕ್ಟರಿಯಿಂದ ಬಂದ ದಿನದ ಮಡಿಕೆಯ ಗುರುತು ಹಾಗೇ ಇತ್ತು. ಕೈಗೆ ಅದು ಹೊಸ ಯೂನಿಫಾರ್ಮಿನಂತೆ ಒರಟಾಗಿತ್ತು.

"ಇದರಾಗ ಯಾರೂ ಕುಂತಿಲ್ಲೇನ್ರಿ?" ಎಂದು ಕೇಳಿದೆ.

ಚಹಾ ತಂದ ಸೊಸೆ ಮೊದಲು ಬಾಯಿ ಹಾಕಿದಳು. "ಕಾಕಾನ ಬಾಜೂಕ ಯಾರು ಕುಂಡ್ರತಾರ್ರಿ? ಒಮ್ಮೆ ಕುಂತಿದ್ದೆ, ಕಾಗವಾಡ ಬರೂದ್ರಾಗ ಜೀವ ಬಾಯಿಗೆ ಬಂದಿತ್ತು. ಆವತ್ತಿಂದ ನಾವೆಲ್ಲಾ ಡೀಸೆಲ್ ಗಾಡ್ಯಾಗ, ಇವರೊಬ್ರ ಇದರಾಗ."

ಇಂಜಿನಿಯರು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡರು. "ಆಕಿ ತೀರಿದ ಮರುವರ್ಷ ತಗೊಂಡೆ ನೋಡ್ರಿ ಇದನ್ನ," ಎಂದರು. ಆಕೆ ಎಂದರೆ ಹೆಂಡತಿ. ಒಂದು ಗುಟುಕು ಕುಡಿದು, "ಈಗ ಬಲಗಣ್ಣು ಪೂರ್ತಿ ಹೋಗೈತ್ರಿ. ಲೈಸೆನ್ಸ್ ಮುಗೀತು. ಸುಮ್ಮ ನಿಂದರಸಿ ಏನ್ ಮಾಡೂದು?"

ನನ್ನ ಡಾಕ್ಟರು ಫಾರ್ಮಿನ ತುದಿ ಹಿಡಿದುಕೊಂಡದ್ದು ನೆನಪಾಯಿತು.

ಬಸ್ಸಿನಲ್ಲಿ ಹಿಂತಿರುಗುವಾಗ ಮಿಸ್ತ್ರಿ ಖುಷಿಯಲ್ಲಿದ್ದ. ನನ್ನ ಸೀಟಿನ ಪಕ್ಕದ ಕಂಬಿ ಹಿಡಿದು ನಿಂತು, "ಕೆಂಪು ಗಾಡಿಗೆ ಏನೂ ನೋಡೂದ ಬ್ಯಾಡ್ರಿ ಅಕ್ಕಾರ," ಎಂದ.

"ನಾನು ನೀಲಿ ತಗೋತೀನಿ," ಎಂದೆ.

ಅವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ನೀಲಿಯನ್ನು ನೀನೇ ಬಿಚ್ಚಿ ಸರಿ ಮಾಡು, ವೈರು ಬದಲಿಸು, ಎಷ್ಟು ದಿನ ಬೇಕೋ ತಗೋ ಎಂದೆ.

"ನಾ ಅದಕ್ಕ ಕೈ ಹಚ್ಚೂದಿಲ್ರಿ."

"ಯಾಕ? ನಿನಗ ಬರೂದಿಲ್ಲೇನು?"

"ಬರ್ತೈತ್ರಿ. ನೀರು ಕುಡದ ವೈರು ಒಳಗೊಳಗ ಕೊಳೀತಾವ. ಇವತ್ತು ಓಡ್ತೈತಿ, ನಾಳೆ ಓಡ್ತೈತಿ, ಒಂದಿನ ಕಬ್ಬಿನ ನಡುವ ದಪ್ಪಂತ ನಿಂದರ್ತೈತಿ." ಕುಡಚಿ ಬಂದಿತ್ತು. ಅವನು ಇಳಿಯಲು ಹೊರಟವನು ತಿರುಗಿ, ದನಿ ಇಳಿಸಿ ಹೇಳಿದ: "ಸರ್ ಇದ್ದಾಗ ಗಾಡಿ ನಿಂತ್ರ ಇಬ್ರು ನಿಂತಂಗ ಇತ್ರಿ. ಈಗ ನಿಂತ್ರ ನೀವೊಬ್ರ ನಿಂದರ್ತೀರಿ."

ಅವನು ಇಳಿದು ಹೋದ. ನನ್ನ ಮನೆಯ ವಿಷಯ ಹೇಳಲು ಇವನು ಯಾರು? ಹೌ ಡೇರ್ ಹಿ, ಎಂದು ರಾಯಬಾಗದ ತನಕ ಮನಸ್ಸಿನಲ್ಲೇ ಹೇಳಿಕೊಂಡೆ. ರಾಯಬಾಗದಲ್ಲಿ ಒಬ್ಬ ಹೆಣ್ಣುಮಗಳು ಹತ್ತಿ ನನ್ನ ಪಕ್ಕದಲ್ಲಿ ಕೂತಳು. ಯಾವುದೋ ಹೊಲದ ಕೆಲಸ ಮುಗಿಸಿ ಬಂದವಳು, ಕೂತ ಕೂಡಲೇ ನಿದ್ದೆ. ಅವಳ ತಲೆ ಜಾರಿ ನನ್ನ ಹೆಗಲಿಗೆ ಬಂತು. ಚಿಕ್ಕೋಡಿಯ ತನಕ ನಾನು ಹೆಗಲು ಅಲುಗಿಸಲಿಲ್ಲ. ಅವಳಿಗೆ ಎಚ್ಚರವಾದಾಗ "ತಪ್ಪಾತ್ರಿ ಯವ್ವಾ" ಎಂದು ಗಡಬಡಿಸಿ ಎದ್ದಳು. ತಪ್ಪೇನೂ ಇಲ್ಲ, ಇನ್ನೂ ಸ್ವಲ್ಪ ಮಲಗು ಎಂದು ಹೇಳಬೇಕೆನಿಸಿತು. ಬಸ್ಸು ಸ್ಟ್ಯಾಂಡಿಗೆ ಬಂದಿತ್ತು.

ಎಂಟು ದಿನ ಮಿಸ್ತ್ರಿಗೆ ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ. ನಿಪ್ಪಾಣಿಯವನು ಮಾತ್ರ ದಿನಕ್ಕೆರಡು ಸಲ ಮಾಡುತ್ತಿದ್ದ. "ಬಾಯೀ, ಇನ್ನೊಂದು ಪಾರ್ಟಿ ಬಂದೈತಿ, ನಿಮ್ಮ ಸಲುವಾಗಿ ತಡದೀನಿ," ಎನ್ನುತ್ತಿದ್ದ. ಹಾಂ ಎನ್ನಲು ನಾನು ಎರಡು ಸಲ ಬಾಯಿ ತೆರೆದೆ.

ಎರಡನೇ ಸಲ ಬಾಯಿ ತೆರೆದ ಹೊತ್ತಿಗೆ ಬೇಡಕಿಹಾಳದ ರಸ್ತೆ ನೆನಪಾಯಿತು. ನಮ್ಮ ಹಳೆಯ ಕಾರು ಒಮ್ಮೆ ಅಲ್ಲಿ ಕೈಕೊಟ್ಟಿತ್ತು. ಎರಡೂ ಕಡೆ ಕಬ್ಬು, ಸಂಜೆಯ ಹೊತ್ತು, ಮಿಸ್ತ್ರಿಯ ತಂದೆ ಬರುವ ತನಕ ಎರಡು ತಾಸು. ನಾವಿಬ್ಬರೂ ರಸ್ತೆಯ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತು ಕಬ್ಬು ತಿಂದೆವು. ಹೊಲದವನೇ ಮುರಿದು ಕೊಟ್ಟದ್ದು. ಯಜಮಾನರು ಹಲ್ಲಿನಿಂದ ಸಿಪ್ಪೆ ಸೀಳಿ ನನಗೆ ಗೆಣ್ಣು ಇಲ್ಲದ ತುಂಡು ಆರಿಸಿ ಕೊಡುತ್ತಿದ್ದರು. ಹಿಸ್ಟರಿ ಪ್ರೊಫೆಸರು, ಮಡಿ ಅಂಗಿ, ಗದ್ದದ ಮೇಲೆಲ್ಲ ಕಬ್ಬಿನ ರಸ. ಕಾರು ಬೇಗ ರಿಪೇರಿಯಾದದ್ದಕ್ಕೆ ನನಗೆ ಬೇಜಾರಾಗಿತ್ತು. ಆ ಎರಡು ತಾಸನ್ನು ನಾನು ಈಗ ಅವರಿಲ್ಲದೆ ಯೋಚಿಸಿ ನೋಡಿದೆ. ಅದೇ ಕಟ್ಟೆ, ಅದೇ ಕಬ್ಬು, ನಾನು. ಕೈಯಲ್ಲಿ ಫೋನು. ಬರೀ ಎರಡು ತಾಸು.

ನೀಲಿ ಕಾರಿನ ಆ ಮೆತ್ತಗಿನ ಬೆಲ್ಟು ನನ್ನದಾಗಿರಲಿಲ್ಲ. ಇನ್ನೊಬ್ಬಳ ಹೆಗಲು, ಇನ್ನೊಬ್ಬಳ ಅರಿಷಿಣ. ಅದನ್ನು ಕೊಂಡು ತಂದರೆ ನನ್ನ ಎಡಕ್ಕೆ ಯಾರೋ ಇದ್ದಾರೆಂದು ಆಗುತ್ತದೆಯೆಂದು ನಾನು ನಂಬಿದ್ದೆ. ಸಿಲ್ಲಿ ಓಲ್ಡ್ ವುಮನ್.

ನಿಪ್ಪಾಣಿಯವನಿಗೆ ಆ ಇನ್ನೊಂದು ಪಾರ್ಟಿಗೇ ಕೊಡು ಎಂದೆ, ಮಣ್ಣಿನ ಗೆರೆ ತೋರಿಸಿ ಕೊಡು ಎಂದೂ ಹೇಳಿದೆ. ಆಮೇಲೆ ಮಿಸ್ತ್ರಿಗೆ ಫೋನ್ ಮಾಡಿದೆ.

"ಮಿಸ್ತ್ರಿ, ಕೆಂಪು."

"ಅಥಣಿಯವರಿಗೆ ಆವತ್ತ ಹೇಳೀನ್ರಿ, ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ ಅಂತ."

"ಯಾವಾಗ ಹೇಳಿದ್ಯೋ?"

"ನೀವು ನನ್ನ ಬೈಕೊಂತ ಹೋಗಿರ್ತೀರಲ್ರಿ ರಾಯಬಾಗಕ್ಕ, ಆವಾಗ."

ಗಾಡಿ ತರಲು ಹೋದ ದಿನ ಅಥಣಿಯ ಮನೆಯ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಸೊಸೆ ನಾಲ್ಕು ಗಾಲಿಗೂ ಲಿಂಬೆಹಣ್ಣು ಇಟ್ಟಳು, ಕಾಯಿ ಒಡೆದರು. ಪೇಪರುಗಳ ಕೆಲಸ ಮಿಸ್ತ್ರಿ ಮೊದಲೇ ಮುಗಿಸಿದ್ದ. ಇಂಜಿನಿಯರು ಕೌದಿಯನ್ನು ಮಡಚಿ ಎದೆಗವಚಿಕೊಂಡು ನಿಂತಿದ್ದರು.

"ಇದನ್ನ ಕೊಡಾಂಗಿಲ್ರಿ," ಎಂದರು, ನಾನು ಕೇಳಿದೆನೇನೋ ಎಂಬಂತೆ. "ಆಕೀನ ಹೊಲದದ್ದು. ತನ್ನ ಸೀರಿಗೋಳು."

"ಬ್ಯಾಡ್ರಿ, ನನ್ನ ಹತ್ರ ಅದಾವ," ಎಂದೆ.

ನಾನು ಕೂತು ಸೀಟು ಮುಂದಕ್ಕೆ ಎಳೆದುಕೊಂಡೆ. ಮಿಸ್ತ್ರಿ ಹಿಂದೆ ಹತ್ತಿದ. ಅವರು ಕಿಟಕಿಯ ಹತ್ತಿರ ಬಂದು ನಿಂತರು. ಕೀಲಿಯ ಬಗ್ಗೆ ಏನೋ ಹೇಳಲು ಬಂದವರು ಬೇರೆ ಹೇಳಿದರು.

"ಕಾಗವಾಡ ಮಟ ನಾನೂ ಬರಲ್ರಿ? ಬಸ್ಸಿಗೆ ಹೊಳ್ಳಿ ಬರ್ತೀನಿ. ಆ ಬಾಜೂಕ ನಾ ಎಂದೂ ಕುಂತಿಲ್ಲ."

ಮಿಸ್ತ್ರಿ ಹಿಂದಿನಿಂದ "ಬರ್ರಿ ಬರ್ರಿ" ಎಂದ, ನಾನು ಹೇಳುವ ಮೊದಲೇ. ಅವರು ಕೌದಿಯನ್ನು ಸೊಸೆಯ ಕೈಗೆ ಕೊಟ್ಟು, ಸುತ್ತು ಹಾಕಿ ಬಂದು, ನನ್ನ ಎಡಕ್ಕೆ ಕೂತರು. ಬೆಲ್ಟು ಎಳೆದರೆ ಅದು ಬಿಗಿಯಾಗಿ ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಎಳೆದರು. ಕೊಂಡಿ ಯಾವ ಕಡೆ ಎಂದು ಕೈಯಾಡಿಸಿ ಹುಡುಕಿದರು. ಹದಿನೇಳು ವರ್ಷ ತಮ್ಮದಾಗಿದ್ದ ಕಾರು.

ಸೊಸೆ ನಕ್ಕಳು. "ಕಾಕಾ, ಈಗ ನಿಮಗೂ ತಿಳೀತೈತಿ ನೋಡ್ರಿ, ನಮ್ಮ ಜೀವ ಹೆಂಗ ಹೋಗ್ತಿತ್ತಂತ."

ಅಥಣಿ ದಾಟಿದೆವು. ನಾನು ಬ್ರೇಕ್ ಒತ್ತುವ ಮೊದಲೇ ಅವರ ಕಾಲು ನೆಲಕ್ಕೆ ಒತ್ತುತ್ತಿತ್ತು. ಗೇರು ಬದಲಿಸುವಾಗ ಅವರ ಎಡಗೈ ತೊಡೆಯ ಮೇಲೆ ಅಲುಗುತ್ತಿತ್ತು. ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರೊಂದನ್ನು ದಾಟಿದ ಮೇಲೆ ರಸ್ತೆ ಖಾಲಿಯಾಗಿ, ಅಗಲವಾಗಿ, ನೇರವಾಗಿ ಮುಂದೆ ಬಿದ್ದಿತ್ತು. ಒತ್ತಿದೆ. ಮೂರು ಸಾವಿರ, ನಾಲ್ಕು ಸಾವಿರ, ಕಾರು ದನಿ ತೆಗೆಯಿತು. ಎಂಬತ್ತು. ಎಂಬತ್ತೈದು ದಾಟಿತು, ಏನೂ ಅಲುಗಲಿಲ್ಲ. ತೊಂಬತ್ತು. ನನ್ನ ಬಾಯಿಂದ ಅದು ತಾನಾಗಿಯೇ ಬಂತು:

"ಕಣ್ಣು ಮುಚ್ಚಿ ಹೇಳ್ರಿ ನೋಡೋಣ, ಸ್ಪೀಡ್ ಎಷ್ಟಾಗಿರಬೇಕು?"

ಅವರು ಗಾಬರಿಯಿಂದ ನನ್ನ ಕಡೆ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು, ಕಾಣುವ ಕಣ್ಣನ್ನೂ ಕಾಣದ ಕಣ್ಣನ್ನೂ.

"ಎಪ್ಪತ್ತು... ಎಪ್ಪತ್ತು ಇರಬೇಕ್ರಿ."

ಮುಳ್ಳು ನೂರೆರಡರ ಮೇಲಿತ್ತು.

ಅವರ ಕಾಲು ಇಲ್ಲದ ಬ್ರೇಕನ್ನು ಒತ್ತಿ ಹಿಡಿದಿತ್ತು. "ಎಪ್ಪತ್ತೆರಡು," ಎಂದೆ. "ಭಾಳ ಹತ್ರ ಹೇಳಿದ್ರಿ." ಕನ್ನಡಿಯಲ್ಲಿ ಮಿಸ್ತ್ರಿಯ ಮುಖ ಕಂಡಿತು. ಅವನು ಮೀಟರ್ ನೋಡಿದ್ದ. ಕೆಮ್ಮಿ ಕಿಟಕಿಯ ಹೊರಗೆ ನೋಡತೊಡಗಿದ. ನಾನು ಕಾಲು ಸಡಿಲಿಸಿದೆ.

"ಈ ಬಾಜೂಕಿಂದ ಏನೂ ತಿಳಿಯೂದಿಲ್ಲ ನೋಡ್ರಿ," ಎಂದರು ಅವರು, ಕಣ್ಣು ತೆರೆದು. "ಎಷ್ಟ್ ಮಂದೀನ ಅಂಜಿಸೀನಿ ನಾನು."

ಕಾಗವಾಡದಲ್ಲಿ ಇಬ್ಬರೂ ಇಳಿದರು. ಮಿಸ್ತ್ರಿಗೆ ಅಲ್ಲಿಂದ ಕುಡಚಿಯ ದಾರಿ, ಅವರಿಗೆ ಅಥಣಿಯ ಬಸ್ಸು. ಬಾ ಮಿಸ್ತ್ರಿ, ಮುಂದೆ ಕೂತು ಚಿಕ್ಕೋಡಿ ತನಕ ಬಾ ಎಂದೆ. "ಸಂಜೀಕ ಗಿರಾಕಿ ಅದಾರ್ರಿ," ಎಂದ. ಅವರು ಬಾನೆಟ್ಟಿನ ಮಾಸಿದ ಭಾಗವನ್ನು ಬೆರಳಿನಿಂದ ಒರೆಸಿ, "ಎಂಟು ದಿನಕ್ಕೊಮ್ಮೆ ಆದ್ರೂ ಹೊರಗ ತಗೀರಿ. ನಿಂತಲ್ಲೇ ನಿಂತ್ರ ಟಯರ್ ಸೊಟ್ಟಗಾಕ್ಕೈತಿ," ಎಂದು ಬಸ್ಸಿನ ಕಡೆ ನಡೆದರು. ಅವರು ಹತ್ತಿ ಕಿಟಕಿಯ ಪಕ್ಕ ಕೂರುವ ತನಕ ನಾನು ಅಲ್ಲೇ ಇದ್ದೆ. ಆ ಬಸ್ಸಿನಲ್ಲೂ ಅವರ ಪಕ್ಕದ ಸೀಟು ಖಾಲಿ ಇತ್ತು.

ಅಂಕಲಿಯ ಕಡೆ ತಿರುಗಿದ ಮೇಲೆ ಟಕ್, ಟಕ್ ಎಂದು ಸದ್ದು ಶುರುವಾಯಿತು. ಅವರು ಬಿಚ್ಚಿದ ಬೆಲ್ಟು ತಿರುಚಿಕೊಂಡು ಒಳಗೆ ಪೂರ್ತಿ ಹೋಗಿರಲಿಲ್ಲ. ಅದರ ಕೊಂಡಿ ಬಾಗಿಲಿನ ಕಂಬಕ್ಕೆ ಬಡಿಯುತ್ತಿತ್ತು. ನಿಲ್ಲಿಸಿ ಸರಿಮಾಡಬಹುದಿತ್ತು. ಮಾಡಲಿಲ್ಲ. ಹೊಳೆಯ ಸೇತುವೆಯ ಮೇಲೆ, ಕೆಳಗೆ ಕೃಷ್ಣೆ ತೆಳ್ಳಗೆ, ಮರಳಿನ ಒಂದು ಬದಿಗೆ ಸರಿದು ಹರಿಯುತ್ತಿರುವಾಗ, ನನಗೆ ಒಂದು ಮಾತು ಹೊಳೆಯಿತು. ನೂರು ದಾಟಿದ ಆ ಗಳಿಗೆಯಲ್ಲಿ ನಾನು ಮುಳ್ಳನ್ನು ನೋಡಿದ್ದೆ, ಅವರ ಕಾಲನ್ನು ನೋಡಿದ್ದೆ, ಸುಳ್ಳು ಹೇಳಲು ಒಂದು ಸಂಖ್ಯೆ ಹುಡುಕಿದ್ದೆ. ಸದ್ದನ್ನು ಕೇಳಿರಲಿಲ್ಲ.

ಸೇತುವೆ ದಾಟಿದ ಮೇಲೆ ಊರುಗಳು, ಊರಿಗೆರಡು ರೋಡ್ ಹಂಪು, ಮುಂದೆ ಕಬ್ಬಿನ ಗಾಡಿಗಳ ಸಾಲು. ಮೂವತ್ತು, ಮೂವತ್ತೈದು. ಮನೆಗೆ ಬಂದು ಇಂಜಿನ್ ಬಂದ್ ಮಾಡಿ, ಎಡಕ್ಕೆ ಬಾಗಿ, ಬೆಲ್ಟಿನ ತಿರುಚು ಬಿಡಿಸಿದೆ. ಹೆಗಲು ಬರುವ ಜಾಗದಲ್ಲಿ ಅಡ್ಡಕ್ಕೆ ಒಂದು ಹೊಸ ಮಡಿಕೆ ಬಿದ್ದಿತ್ತು. ಕೈಬಿಟ್ಟೆ. ಅದು ಸರ್ರನೆ ಒಳಗೆ ಹೋಯಿತು.

ಪಕ್ಕದ ಮನೆಯಾಕೆ ಗೇಟಿಗೆ ಬಂದಳು. "ಬಂತೇನ್ರಿ? ಹೆಂಗ ಓಡ್ತೈತ್ರಿ?"

"ನಾಳೆ ಬರ್ತೀಯೇನು? ಊರ ಹೊರಗಿನ ತನಕ ಹೋಗಿ ಬರೋಣ. ಮುಂದ ಕುಂಡ್ರಬೇಕು," ಎಂದೆ.

"ಅಯ್ಯ, ನನಗ ಅಂಜಿಕಿ ಬರ್ತೈತ್ರಿ."

"ಕಣ್ಣು ಮುಚ್ಚಿಕೊಂಡು ಕುಂಡ್ರು," ಎಂದೆ.

ಅವಳು ನಕ್ಕಳು. ಕುಕ್ಕರ್ ಸೀಟಿ ಹೊಡೆಯಿತೆಂದು ಒಳಗೆ ಹೋದಳು. ನಾನು ಮನೆಯೊಳಗಿನ ಟ್ರಂಕಿನಿಂದ ನಮ್ಮ ಹಳೆಯ ಕೌದಿ ತೆಗೆದು ಕಾರಿಗೆ ಹೊದಿಸಿದೆ. ಹಿಂದಿನ ಅರ್ಧಕ್ಕೆ ಅದು ಸಾಲಲಿಲ್ಲ.